ಬಳಸದ ದಿನಗಳ ಲೆಕ್ಕ

ಯಂತ್ರಗಳನ್ನು ನಾವು ಅವು ಓಡುವ ಹೊತ್ತಿನಲ್ಲಿ ನೋಡಿ ಬೆಲೆ ಕಟ್ಟುತ್ತೇವೆ. ಎಷ್ಟು ಬೇಗ ಕೊಯ್ಯಿತು, ಎಷ್ಟು ದಪ್ಪದ ದಿಮ್ಮಿಗೆ ಜಗ್ಗಲಿಲ್ಲ, ಎಷ್ಟು ಪೆಟ್ರೋಲ್ ಕುಡಿಯಿತು ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಹ್ಯಾಂಬರ್ಗಿನಲ್ಲಿ ಕಳೆದ ವರ್ಷಗಳನ್ನೂ ಇಲ್ಲಿನ ಹಿತ್ತಲುಗಳನ್ನೂ ಅವುಗಳ ಮೂಲೆಯ ಶೆಡ್ಡುಗಳಲ್ಲಿ ಕೂತಿರುವ ಪುಟ್ಟ ಪೆಟ್ರೋಲ್ ಗರಗಸಗಳನ್ನೂ ನೆನಪಿಗೆ ತಂದುಕೊಂಡರೆ ಈ ಅಳತೆಗೋಲೇ ಸರಿಯಿಲ್ಲ ಅನ್ನಿಸುತ್ತದೆ. ವರ್ಷದಲ್ಲಿ ಕೆಲವೇ ಗಂಟೆ ಓಡುವ ಯಂತ್ರದ ಯೋಗ್ಯತೆ ಗೊತ್ತಾಗುವುದು ಅದು ಓಡದ ತಿಂಗಳುಗಳಲ್ಲಿ. ಫಿಂಕೆನ್‌ವೆರ್ಡರ್‌ನ ಏರ್‌ಬಸ್ ಕಾರ್ಖಾನೆಗೋ ಬಂದರಿನ ಕಂಪನಿಗಳಿಗೋ ಸಾಫ್ಟ್‌ವೇರ್ ಕೆಲಸಕ್ಕೋ ಬಂದು, ಮೊದಲು ಫ್ಲ್ಯಾಟುಗಳಲ್ಲಿದ್ದು, ನೆಲೆಯೂರಿದ ಮೇಲೆ ಫೋಲ್ಕ್ಸ್‌ಡಾರ್ಫ್, ರಾಲ್‌ಸ್ಟೆಟ್, ಸಾಸೆಲ್, ಹಾರ್‌ಬುರ್ಗ್ ಕಡೆ ಹಿತ್ತಲಿರುವ ಮನೆ ಹಿಡಿಯುವ ಕನ್ನಡ ಕುಟುಂಬಗಳಿಗೆ ಇದು ಬರೀ ತಾತ್ವಿಕ ಪ್ರಶ್ನೆಯಲ್ಲ. ಹಿತ್ತಲಲ್ಲಿ ಒಂದು ಬರ್ಚ್ ಮರ, ಹಳೆಯ ಸೇಬಿನ ಗಿಡ, ಬೇಲಿಗೆ ಬೆಳೆದ ಪೊದೆ, ಒಳಗೆ ಸೌದೆ ಒಲೆ ಇದ್ದರೆ ಗರಗಸದ ಮಾತು ಬಂದೇ ಬರುತ್ತದೆ. ಅಂಗಡಿಯಲ್ಲಿ ಎತ್ತಿ ನೋಡಿದರೆ ಆ ಪುಟ್ಟ ಯಂತ್ರ ಹಗುರ, ಬೆಲೆಯೂ ಕೈಗೆಟಕುವಂಥದ್ದು. ಅದರ ಜೊತೆ ಮನೆಗೆ ಬರುವ ಹೊಣೆ ಎಷ್ಟು ಎಂಬುದನ್ನು ಮಾತ್ರ ಅಂಗಡಿಯ ತಕ್ಕಡಿ ತೋರಿಸುವುದಿಲ್ಲ.

ಈ ಮಾತನ್ನು ಹ್ಯಾಂಬರ್ಗಿನಲ್ಲಿ ಕೂತು ಆಡುವುದಕ್ಕೆ ಒಂದು ವಿಶೇಷ ಕಾರಣವಿದೆ. ಪೆಟ್ರೋಲ್ ಗರಗಸದ ಚರಿತ್ರೆಯಲ್ಲಿ ಈ ಊರಿನ ಹೆಸರು ಮೊದಲ ಪುಟದಲ್ಲೇ ಬರುತ್ತದೆ. 1927ರಲ್ಲಿ ಎಮಿಲ್ ಲೆರ್ಪ್ ಎಂಬ ತಂತ್ರಜ್ಞ ಮಧ್ಯ ಜರ್ಮನಿಯ ಟ್ಯೂರಿಂಗೆನ್ ಸೀಮೆಯ ಡೋಲ್ಮಾರ್ ಎಂಬ ಬೆಟ್ಟದ ಮೇಲೆ ತನ್ನ ಪೆಟ್ರೋಲ್ ಗರಗಸವನ್ನು ಪರೀಕ್ಷಿಸಿದ. ಬೆಟ್ಟದ ಹೆಸರೇ ಕಂಪನಿಯ ಹೆಸರಾಯಿತು, ಕಂಪನಿ ಬೆಳೆದದ್ದು ಹ್ಯಾಂಬರ್ಗಿನಲ್ಲಿ. ಆ ಮೊದಲ ಮಾದರಿಯ ತೂಕ ಸುಮಾರು 58 ಕೆ.ಜಿ.; ಇಬ್ಬರು ಆಳುಗಳು ಎರಡು ತುದಿಯಲ್ಲಿ ಹಿಡಿಯಬೇಕಿತ್ತು. ಅದೇ ಕಾಲದಲ್ಲಿ ದಕ್ಷಿಣದ ಸ್ಟುಟ್‌ಗಾರ್ಟ್ ಕಡೆ ಆಂಡ್ರಿಯಾಸ್ ಶ್ಟೀಲ್ ಇಂಥದ್ದೇ ಯಂತ್ರದ ಬೆನ್ನು ಹತ್ತಿದ್ದರು. ಅವರ 1926ರ ವಿದ್ಯುತ್ ಗರಗಸವೂ ಇಬ್ಬರು ಹೊರುವಂಥದ್ದು. ಒಬ್ಬನೇ ಹಿಡಿಯಬಲ್ಲ ಪೆಟ್ರೋಲ್ ಗರಗಸಗಳು ಜರ್ಮನಿಯಲ್ಲಿ ಬಂದದ್ದು 1950ರ ಆಸುಪಾಸಿನಲ್ಲಿ, ಅವು ಕೂಡ ಹದಿನೈದು ಕಿಲೋ ಹತ್ತಿರ ತೂಗುತ್ತಿದ್ದವು. ಆಮೇಲಿನ ದಶಕಗಳಲ್ಲಿ ಗೇರ್‌ಬಾಕ್ಸ್ ಹೋಯಿತು, ಕೈಗೆ ತಾಗುವ ನಡುಕ ತಡೆಯುವ ರಬ್ಬರು ಸ್ಪ್ರಿಂಗುಗಳು ಬಂದವು, ಚೈನನ್ನು ಕ್ಷಣದಲ್ಲಿ ನಿಲ್ಲಿಸುವ ಬ್ರೇಕ್ ಬಂತು. ಹ್ಯಾಂಬರ್ಗಿನ ಈ ಕಂಪನಿ 1970ರ ದಶಕದಲ್ಲಿ ವಾಂಕೆಲ್ ಎಂಜಿನ್ನಿನ ಗರಗಸವನ್ನೂ ಮಾಡಿ ಮಾರಿತು. 1991ರಲ್ಲಿ ಜಪಾನಿನ ಮಕಿತಾ ಕಂಪನಿ ಡೋಲ್ಮಾರನ್ನು ಕೊಂಡಿತು; ಅದೇ ಮಕಿತಾ 2022ರ ಮಾರ್ಚ್‌ ಕೊನೆಗೆ ಪೆಟ್ರೋಲ್ ಎಂಜಿನ್ನಿನ ಉಪಕರಣಗಳ ತಯಾರಿಕೆಯನ್ನೇ ಕೈಬಿಟ್ಟಿತು. ಹೀಗೆ ಒಂದು ಶತಮಾನಕ್ಕೂ ಕಡಿಮೆ ಅವಧಿಯಲ್ಲಿ ಪೆಟ್ರೋಲ್ ಗರಗಸ ಇಲ್ಲಿ ಬೆಳೆಯಿತು, ಹಗುರಾಯಿತು, ತನ್ನ ಊರನ್ನೇ ಬಿಟ್ಟು ಹೋಯಿತು.

ಈ ಚರಿತ್ರೆಯಲ್ಲಿ ಇಳಿಯುತ್ತ ಬಂದದ್ದು ತೂಕ. ಇವತ್ತಿನ ಮನೆಬಳಕೆಯ ಪೆಟ್ರೋಲ್ ಗರಗಸ ಎಂದರೆ ಸುಮಾರು 30 ಸಿಸಿ ಎಂಜಿನ್, 1.2ರಿಂದ 1.4 ಕಿಲೋವಾಟ್ ಶಕ್ತಿ, ಬಾರ್ ಮತ್ತು ಚೈನು ಬಿಟ್ಟು ನಾಲ್ಕು ಕಿಲೋ ತೂಕ, 30ರಿಂದ 35 ಸೆಂ.ಮೀ. ಉದ್ದದ ಬಾರ್. ಶ್ಟೀಲ್ ಕಂಪನಿಯ ಎಂಎಸ್ 170 ಈ ವರ್ಗದ ಸರ್ವಪರಿಚಿತ ಮಾದರಿ; ಡೋಲ್ಮಾರ್ ತನ್ನ ಕೊನೆಯ ವರ್ಷಗಳಲ್ಲಿ ಮಾಡಿದ 32 ಸಿಸಿ ಗರಗಸವೂ ಇದೇ ಜಾತಿಯದು. ಇಬ್ಬರು ಹೊರುತ್ತಿದ್ದ 58 ಕಿಲೋ ಒಬ್ಬನ ಒಂದು ಕೈಗೆ ಬಂತೆಂಬುದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಆ ಹಳೆಯ ಯಂತ್ರದ ಸುತ್ತ ಒಂದು ತಂಡವಿರುತ್ತಿತ್ತು. ಮರ ಯಾವ ಕಡೆ ಬೀಳುತ್ತದೆಂದು ಬಲ್ಲವನೊಬ್ಬ, ಚೈನಿನ ಹಲ್ಲು ಮಸೆಯುವವನೊಬ್ಬ, ಎಂಜಿನ್ ಬಿಚ್ಚಿ ಜೋಡಿಸುವವನೊಬ್ಬ. ಕಾಡಿನ ಕೂಪಿನಲ್ಲಿ ಈ ಕೆಲಸಗಳು ಹಂಚಿಹೋಗಿದ್ದವು, ದಿನವೂ ನಡೆಯುತ್ತಿದ್ದವು. ಯಂತ್ರ ಚಿಕ್ಕದಾಗಿ ಹಿತ್ತಲಿಗೆ ಬಂದಾಗ ಆ ಮೂವರ ಕೆಲಸವೂ ಶನಿವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುವ ಒಬ್ಬ ಗೃಹಸ್ಥನ ಹೆಗಲಿಗೆ ಬಿತ್ತು. ಅವನಿಗೆ ಆ ಮೂರನ್ನೂ ಅಭ್ಯಾಸ ಮಾಡುವಷ್ಟು ಕೆಲಸವೇ ಇರುವುದಿಲ್ಲ. ನನ್ನ ವಾದದ ಬೇರು ಇಲ್ಲಿದೆ: ಯಂತ್ರದ ಭಾರ ಇಳಿದಂತೆ ಅದರ ಹೊಣೆ ಇಳಿಯಲಿಲ್ಲ, ಬರೀ ಕೈ ಬದಲಾಯಿಸಿತು.

ಮೊದಲು ಎಂಜಿನ್ನಿನ ಹೊಣೆ ನೋಡೋಣ. ಇದು ಟು ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳ ಕಾಲ ಕಂಡವರಿಗೆ ಈ ಬೆರಕೆ ಹೊಸದೇನಲ್ಲ. ಬಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಹಾಕಿಸಿಕೊಂಡ ತಲೆಮಾರು ಅದು. ವ್ಯತ್ಯಾಸ ಏನೆಂದರೆ ಯೆಜ್ಡಿ ದಿನವೂ ಓಡುತ್ತಿತ್ತು, ಹಾಕಿದ ಪೆಟ್ರೋಲ್ ವಾರದಲ್ಲಿ ಖಾಲಿಯಾಗುತ್ತಿತ್ತು. ಹಿತ್ತಲಿನ ಗರಗಸದಲ್ಲಿ ಫೆಬ್ರವರಿಯಲ್ಲಿ ಉಳಿದ ಪೆಟ್ರೋಲ್ ಅಕ್ಟೋಬರ್‌ವರೆಗೂ ಅಲ್ಲೇ ಇರುತ್ತದೆ. ಸಾಮಾನ್ಯ ಬೆರಕೆ 50 ಪಾಲಿಗೆ ಒಂದು ಪಾಲು; ಐದು ಲೀಟರಿಗೆ 100 ಮಿಲಿ ಆಯಿಲ್. ಬೆರೆಸಿದ್ದನ್ನು ಸುಮಾರು ಒಂದು ತಿಂಗಳೊಳಗೆ ಮುಗಿಸಬೇಕೆಂದು ತಯಾರಕರೇ ಹೇಳುತ್ತಾರೆ. ಜರ್ಮನಿಯಲ್ಲಿ 2011ರಿಂದ ಮಾರಾಟವಾಗುತ್ತಿರುವ ಇ10 ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ಹ್ಯಾಂಬರ್ಗಿನಂಥ ಒದ್ದೆ ಊರಿನಲ್ಲಿ, ಬಿಸಿಯಿಲ್ಲದ ಶೆಡ್ಡಿನಲ್ಲಿ, ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರ ಅಂಶ ಹಾರಿಹೋಗಿ ಅಂಟು ಉಳಿಯುತ್ತದೆ. ಕಾರ್ಬುರೇಟರಿನೊಳಗಿನ ತೆಳ್ಳನೆಯ ಪೊರೆ ಗಟ್ಟಿಯಾಗುತ್ತದೆ. ಕೂದಲೆಳೆಯಷ್ಟು ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ಆಮೇಲೆ ಎಷ್ಟು ಹಗ್ಗ ಎಳೆದರೂ ಎಂಜಿನ್ ಕೆಮ್ಮುತ್ತದೆಯೇ ಹೊರತು ಹಿಡಿಯುವುದಿಲ್ಲ. ಅಪರೂಪಕ್ಕೆ ಬಳಸುವ ಗರಗಸಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಯಂತ್ರದ ತಯಾರಿಕೆಯ ದೋಷವಲ್ಲ, ನಿಂತ ಪೆಟ್ರೋಲಿನ ದೋಷ.

ಇದಕ್ಕೆ ಒಳ್ಳೆಯ ಮದ್ದಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆಲ್ಕೈಲೇಟ್ ಪೆಟ್ರೋಲ್ ಎಂಬ ಶುದ್ಧ ಇಂಧನ ಸಿಗುತ್ತದೆ; ಸ್ವೀಡನ್ನಿನ ಆಸ್ಪೆನ್, ಶ್ಟೀಲ್ ಕಂಪನಿಯ ಮೋಟೋಮಿಕ್ಸ್ ಇದರ ಹೆಸರಾಂತ ಮಾದರಿಗಳು. ಆಯಿಲ್ ಬೆರೆಸಿಯೇ ಡಬ್ಬಿಯಲ್ಲಿ ಬರುತ್ತದೆ, ಎಥನಾಲ್ ಇರುವುದಿಲ್ಲ, ಬೆಂಜೀನ್ ಇಲ್ಲವೆನ್ನುವಷ್ಟು ಕಡಿಮೆ, ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಲೆ ಬಂಕಿನ ಪೆಟ್ರೋಲಿಗಿಂತ ಕೆಲವು ಪಟ್ಟು ಹೆಚ್ಚು. ಅಪರೂಪದ ಬಳಕೆದಾರನಿಗೆ ವರ್ಷಕ್ಕೆ ಬೇಕಾಗುವುದು ಕೆಲವೇ ಲೀಟರ್ ಆದ್ದರಿಂದ ಆ ದುಬಾರಿ ತಡೆದುಕೊಳ್ಳಬಹುದಾದದ್ದು. ಆದ್ದರಿಂದ ಈ ಯಂತ್ರವನ್ನು ಕೊಳ್ಳುವವರು ಮೊದಲ ದಿನದಿಂದ ಇದನ್ನೇ ಹಾಕಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಮದ್ದು ನನ್ನ ವಾದವನ್ನು ಬಲಪಡಿಸುತ್ತದೆ ಎಂಬುದನ್ನೂ ಗಮನಿಸಬೇಕು. ಕೊಯ್ಯಲು ಇದರ ಅಗತ್ಯವಿಲ್ಲ; ಕಾಡಿನಲ್ಲಿ ದಿನವಿಡೀ ಕೊಯ್ಯುವವರು ಇದನ್ನು ತೆಗೆದುಕೊಳ್ಳುವುದು ಮುಖ್ಯವಾಗಿ ಹೊಗೆಯ ವಿಷ ತಮ್ಮ ಮೂಗಿಗೆ ತಾಗದಿರಲೆಂದು. ಹಿತ್ತಲಿನವನಿಗೆ ಅದು ಬೇಕಾಗಿರುವುದು ಯಂತ್ರ ಸುಮ್ಮನೆ ಕೂರುವ ತಿಂಗಳುಗಳಿಗಾಗಿ. ಅವನು ಹೆಚ್ಚು ಹಣ ಕೊಡುವುದು ಬಳಸದ ದಿನಗಳಿಗೆ.

ಎರಡನೆಯದು ಚೈನು. ಗರಗಸದ ಬಗ್ಗೆ ಗೊತ್ತಿಲ್ಲದವರು ಎಂಜಿನ್ನಿನ ಶಕ್ತಿ ಕೇಳುತ್ತಾರೆ, ಗೊತ್ತಿದ್ದವರು ಹಲ್ಲು ಹೇಗಿದೆ ಕೇಳುತ್ತಾರೆ. ಹದವಾದ ಚೈನು ತನ್ನಷ್ಟಕ್ಕೇ ಮರದೊಳಕ್ಕೆ ಇಳಿಯುತ್ತದೆ, ಚಕ್ಕೆ ಚಕ್ಕೆಯಾಗಿ ಹೊಟ್ಟು ಉದುರುತ್ತದೆ. ಮೊಂಡಾದ ಚೈನು ಹಿಟ್ಟಿನಂಥ ಪುಡಿ ಉಗುಳುತ್ತದೆ, ಬಾರ್ ಬಿಸಿಯಾಗುತ್ತದೆ, ಹಿಡಿದವನು ಮೈಭಾರ ಹಾಕಿ ಒತ್ತಲು ಶುರುಮಾಡುತ್ತಾನೆ, ಒತ್ತುವಾಗ ಹತೋಟಿ ತಪ್ಪುತ್ತದೆ. ಮಣ್ಣಿಗೋ ಕಲ್ಲಿಗೋ ಒಂದೇ ಸಲ ತಾಗಿದರೂ ಹಲ್ಲಿನ ಮೊನೆ ಹೋಗುತ್ತದೆ. ಈ ಚಿಕ್ಕ ಗರಗಸಗಳ ಚೈನಿಗೆ 4 ಮಿ.ಮೀ. ದಪ್ಪದ ಗುಂಡು ಅರ ಬೇಕು, ಪ್ರತಿ ಹಲ್ಲಿಗೂ ಒಂದೇ ಓರೆ, ಒಂದೇ ಎಣಿಕೆಯ ಎಳೆತ, ಎಡಬಲ ಎರಡೂ ಸಮ. ವಾರಕ್ಕೊಮ್ಮೆ ಮಾಡುವವನಿಗೆ ಇದು ಹತ್ತು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಮಾಡುವವನು ಪ್ರತಿ ಸಲವೂ ಹೊಸದಾಗಿ ಕಲಿಯುತ್ತಾನೆ. ಇದರ ಮೇಲೆ ಚೈನಿಗೆ ಬಿಡುವ ಆಯಿಲ್. ಅದು ತಿರುಗಿ ಟ್ಯಾಂಕಿಗೆ ಬರುವಂಥದ್ದಲ್ಲ. ಹಾಕಿದ್ದಷ್ಟೂ ಸಿಡಿದು ಮಣ್ಣಿಗೆ, ಹೊಟ್ಟಿಗೆ, ಬಟ್ಟೆಗೆ ಹೋಗುತ್ತದೆ. ಅದಕ್ಕೇ ಜರ್ಮನಿಯಲ್ಲಿ ಮಣ್ಣಿನಲ್ಲಿ ಕರಗುವ ಸಸ್ಯಜನ್ಯ ಚೈನ್ ಆಯಿಲ್ ಬಳಸುವ ರೂಢಿ ಬಂದಿದೆ. ಅದು ಮಣ್ಣಿಗೆ ಒಳ್ಳೆಯದು. ಆದರೆ ತಿಂಗಳುಗಟ್ಟಲೆ ನಿಂತರೆ ಆ ಆಯಿಲ್ ಅಂಟಾಗಿ ಚೈನು ಬಾರ್ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಎತ್ತಿಡುವ ಮೊದಲು ತೊಳೆದಿಡಬೇಕು. ಈ ವಿಷಯದಲ್ಲಿ ವಿದ್ಯುತ್ ಗರಗಸಕ್ಕೂ ಬಿಡುಗಡೆಯಿಲ್ಲ. ಅದರ ಚೈನೂ ಇದೇ, ಆಯಿಲೂ ಇದೇ.

ಮೂರನೆಯ ಹೊಣೆ ಮೈಯದು. ಬಾರಿನ ಮೂಗಿನ ಮೇಲ್ಭಾಗ ಮರಕ್ಕೋ ಬೇರೊಂದು ಕೊಂಬೆಗೋ ತಾಗಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆದ್ದು ಹಿಡಿದವನ ಮುಖದತ್ತ ಒದೆಯುತ್ತದೆ. ಚೈನ್ ಬ್ರೇಕ್ ಇರುವುದು ಇದಕ್ಕಾಗಿ, ಹೆಬ್ಬೆರಳು ಸುತ್ತಿ ಎರಡೂ ಕೈಯಲ್ಲಿ ಹಿಡಿಯಬೇಕೆನ್ನುವುದು ಇದಕ್ಕಾಗಿ, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು, ಏಣಿಯ ಮೇಲೆ ನಿಂತು ಕೊಯ್ಯಬಾರದು ಎನ್ನುವುದೂ ಇದಕ್ಕಾಗಿಯೇ. ಮನೆಯ ಹಿತ್ತಲಲ್ಲಿ ಗರಗಸ ಬೇಕೆನ್ನಿಸುವ ಕೆಲಸ ಬಹಳ ಸಲ ತಲೆಯ ಮೇಲಿನ ಕೊಂಬೆಯದೇ ಆಗಿರುತ್ತದೆ ಎಂಬುದು ಇಲ್ಲಿನ ವಿಪರ್ಯಾಸ. ಕಾಲಿಗೆ ಹಾಕುವ ರಕ್ಷಣೆಯ ಪ್ಯಾಂಟಿನೊಳಗೆ ಉದ್ದನೆಯ ನಾರಿನ ಪದರಗಳಿರುತ್ತವೆ; ಚೈನು ತಾಗಿದೊಡನೆ ಆ ನಾರು ಹೊರಬಂದು ಸುತ್ತಿಕೊಂಡು ಚಕ್ರವನ್ನೇ ಕಟ್ಟಿಹಾಕುತ್ತದೆ. ಇಂಥ ಪ್ಯಾಂಟುಗಳ ಮೊದಲ ದರ್ಜೆಯನ್ನು ಸೆಕೆಂಡಿಗೆ 20 ಮೀಟರ್ ಓಡುವ ಚೈನಿಗೆ ಒಡ್ಡಿ ಪರೀಕ್ಷಿಸುತ್ತಾರೆ. ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಕೈಗವಸು, ಗಟ್ಟಿ ಬೂಟು ಇದಕ್ಕೆ ಸೇರಬೇಕು. ಯುರೋಪಿನ ಕೆಲಸದ ಸ್ಥಳಗಳಲ್ಲಿ 85 ಡೆಸಿಬೆಲ್ ಮುಟ್ಟಿದರೆ ಕಿವಿರಕ್ಷಣೆ ಕಡ್ಡಾಯ. ಈ ಚಿಕ್ಕ ಗರಗಸವೇ ಹಿಡಿದವನ ಕಿವಿಯ ಹತ್ತಿರ 100ರ ಆಸುಪಾಸು ಹೋಗುತ್ತದೆ. ಜರ್ಮನಿಯ ಸರ್ಕಾರಿ ಕಾಡುಗಳಲ್ಲಿ ಸೌದೆ ಕೊಯ್ದುಕೊಳ್ಳಲು ಸಾಮಾನ್ಯವಾಗಿ ಗರಗಸದ ತರಬೇತಿ ಪಡೆದ ಪತ್ರ ತೋರಿಸಬೇಕು. ಸ್ವಂತ ಹಿತ್ತಲಲ್ಲಿ ಆ ಪತ್ರ ಕೇಳುವವರಿಲ್ಲ. ಕಾನೂನು ಕೇಳುವುದಿಲ್ಲವೆಂದು ಅಪಾಯ ರಿಯಾಯಿತಿ ಕೊಡುವುದಿಲ್ಲ. ತರಬೇತಿ ಇಲ್ಲದವನು, ವರ್ಷಕ್ಕೊಮ್ಮೆ ಹಿಡಿಯುವವನು, ನೋಡಲು ಇನ್ನೊಬ್ಬರಿಲ್ಲದ ಜಾಗದಲ್ಲಿ ಹಿಡಿಯುವವನು ಅವನೇ.

ಇಷ್ಟೆಲ್ಲ ಹೊಣೆ ಹೊತ್ತಮೇಲೆ ಹ್ಯಾಂಬರ್ಗಿನ ಮನೆಯವನಿಗೆ ಕೊಯ್ಯಲು ಸಿಗುವುದೆಷ್ಟು? ಇಲ್ಲಿ ಊರಿನ ಕಾನೂನು ಲೆಕ್ಕವನ್ನು ಬಿಗಿಮಾಡುತ್ತದೆ. ಯುದ್ಧದಲ್ಲಿ ಸುಟ್ಟು, 1946-47ರ ಕಡು ಚಳಿಯಲ್ಲಿ ಕಲ್ಲಿದ್ದಲಿಗೆ ಪರದಾಡಿದ ಈ ನಗರ 1948ರಲ್ಲೇ ಮರ ರಕ್ಷಣೆಯ ನಿಯಮ ತಂದಿತು. ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ ಅಳೆದಾಗ ಕಾಂಡದ ವ್ಯಾಸ 25 ಸೆಂ.ಮೀ. ಮುಟ್ಟಿದ ಮರ ರಕ್ಷಿತ ಎಂಬುದು ದಶಕಗಳ ಕಾಲ ಇದ್ದ ಗೆರೆ. 2023ರಲ್ಲಿ ಹಳೆಯದರ ಜಾಗಕ್ಕೆ ಹೊಸ ನಿಯಮ ಬಂದರೂ ಬೆಳೆದ ಮರಕ್ಕೆ ಕೈಹಾಕುವ ಮೊದಲು ಜಿಲ್ಲಾ ಕಚೇರಿಯ ಅನುಮತಿ ಬೇಕೆಂಬ ತಿರುಳು ಹಾಗೇ ಇದೆ. ಕರ್ನಾಟಕದಲ್ಲೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆಯಾದ್ದರಿಂದ ನಮ್ಮವರಿಗೆ ಈ ವಿಚಾರ ಅಪರಿಚಿತವಲ್ಲ. ಇಲ್ಲಿ ನೆರೆಯವರು ಅದನ್ನು ನೆನಪಿಸುತ್ತಾರೆ ಎಂಬುದಷ್ಟೇ ಹೆಚ್ಚು. ಇನ್ನು ಕಾಲದ ಕಟ್ಟು. ಜರ್ಮನಿಯ ನಿಸರ್ಗ ರಕ್ಷಣಾ ಕಾನೂನಿನ ಪ್ರಕಾರ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೇಲಿ, ಪೊದೆಗಳನ್ನು ಬುಡಮಟ್ಟ ಕಡಿಯುವಂತಿಲ್ಲ. ಮೃದುವಾಗಿ ಸವರಬಹುದು ಅಷ್ಟೇ. ಮನೆಯ ತೋಟದ ಮರಗಳಿಗೆ ಕೆಲವು ವಿನಾಯಿತಿಗಳಿದ್ದರೂ ಗೂಡು ಕಟ್ಟಿದ ಹಕ್ಕಿಯನ್ನು ಕದಡುವಂತಿಲ್ಲ. ಹಾಗಾಗಿ ದೊಡ್ಡ ಕೆಲಸವನ್ನೆಲ್ಲ ಜನ ಅಕ್ಟೋಬರ್ ಮತ್ತು ಫೆಬ್ರವರಿಯ ನಡುವೆ ಇಟ್ಟುಕೊಳ್ಳುತ್ತಾರೆ. 2002ರ ಯಂತ್ರಗಳ ಸದ್ದಿನ ನಿಯಮ ವಸತಿ ಪ್ರದೇಶದಲ್ಲಿ ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಇಡೀ ದಿನ, ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಇಂಥ ಗರಗಸ ಓಡಿಸಲು ಬಿಡುವುದಿಲ್ಲ.

ಈಗ ಲೆಕ್ಕ ಹಾಕಿ. ಐದು ತಿಂಗಳು ಎಂದರೆ ಇಪ್ಪತ್ತೊಂದೋ ಇಪ್ಪತ್ತೆರಡೋ ಶನಿವಾರ. ವಾರದ ದಿನ ಕೆಲಸಕ್ಕೆ ಹೋಗುವವನು ಮನೆಗೆ ಬರುವಷ್ಟರಲ್ಲಿ ಕತ್ತಲು. ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸೂರ್ಯ ಎಂಟೂವರೆ ಸುಮಾರಿಗೆ ಹುಟ್ಟಿ ಸಂಜೆ ನಾಲ್ಕಕ್ಕೆ ಮುಳುಗುತ್ತಾನೆ. ಆ ಶನಿವಾರಗಳಲ್ಲಿ ಮಳೆಯವನ್ನು, ಕ್ರಿಸ್‌ಮಸ್ ಕಾಲದ್ದನ್ನು, ಊರಿಗೆ ಹೋದದ್ದನ್ನು ಕಳೆದರೆ ಉಳಿಯುವುದು ಬೆರಳೆಣಿಕೆ. ಆ ಬೆರಳೆಣಿಕೆಯ ದಿನಗಳಲ್ಲಿ ಅನುಮತಿಯಿಲ್ಲದೆ ಕೊಯ್ಯಬಹುದಾದ ಮರ ಹೆಚ್ಚುಕಡಿಮೆ 25 ಸೆಂ.ಮೀ. ಒಳಗಿನದು. ಹ್ಯಾಂಬರ್ಗಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚಿರುವ ಕ್ಲೈನ್‌ಗಾರ್ಟನ್ ಎಂಬ ಬಾಡಿಗೆ ತೋಟಗಳಲ್ಲಂತೂ ಇನ್ನೂ ಕಡಿಮೆ: 1983ರ ಕಾನೂನಿನಂತೆ ಒಂದು ತೋಟ 400 ಚದರ ಮೀಟರ್ ಮೀರಬಾರದು, ಕಾಡುಮರ ಬೆಳೆಸಲು ಸಂಘಗಳು ಒಪ್ಪುವುದಿಲ್ಲ, ಇರುವುದು ಸೇಬು, ಚೆರ್ರಿ, ಪ್ಲಮ್. ಒಂದು ಒಳ್ಳೆಯ ಕೈಗರಗಸ ತೋಳಿನ ದಪ್ಪದ ಕೊಂಬೆಯನ್ನು ಒಂದೆರಡು ನಿಮಿಷದಲ್ಲಿ ಕೊಯ್ಯುತ್ತದೆ. ಆಮೇಲೆ ಅದನ್ನು ಒರೆಸಿ ಮೊಳೆಗೆ ತಗುಲಿಹಾಕಿದರೆ ಮುಂದಿನ ವರ್ಷದವರೆಗೆ ಅದು ಏನನ್ನೂ ಕೇಳುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಿರುಗಾಳಿಯದು, ಅದು ಹಗುರವಾದದ್ದಲ್ಲ. 2017ರ ಅಕ್ಟೋಬರ್ 5ರಂದು ಕ್ಸೇವಿಯರ್ ಬಿರುಗಾಳಿ ಬಂದಾಗ ಮರಗಳಲ್ಲಿ ಎಲೆ ಇನ್ನೂ ಉದುರಿರಲಿಲ್ಲ; ಗಾಳಿಗೆ ಹಾಯಿ ಬಿಚ್ಚಿದಂತೆ ನಿಂತು ಬುಡಸಮೇತ ಬಿದ್ದವು, ಉತ್ತರ ಜರ್ಮನಿಯ ರೈಲುಗಳು ನಿಂತವು. 2022ರ ಫೆಬ್ರವರಿಯಲ್ಲಿ ಇಲೇನಿಯಾ, ಜೈನೆಪ್, ಅಂಟೋನಿಯಾ ಎಂಬ ಮೂರು ಬಿರುಗಾಳಿಗಳು ಒಂದೇ ವಾರದಲ್ಲಿ ಹಾದುಹೋದವು. ವಿದ್ಯುತ್ ಹೋಗಿ, ಮರ ದಾರಿಗಡ್ಡ ಬಿದ್ದಾಗ ಪೆಟ್ರೋಲ್ ಗರಗಸವೇ ಗತಿ ಎನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ರಸ್ತೆಗೆ ಬಿದ್ದ ಮರ ಮನೆಯವನ ಕೆಲಸವಲ್ಲ. ಹ್ಯಾಂಬರ್ಗಿನ ಎರಡು ಲಕ್ಷಕ್ಕೂ ಮೀರಿದ ರಸ್ತೆಮರಗಳ ಹೊಣೆ ಆಡಳಿತದ್ದು, ತುರ್ತಿಗೆ ಬಡಾವಣೆಗಳ ಸ್ವಯಂಸೇವಕ ಅಗ್ನಿಶಾಮಕ ದಳಗಳಿವೆ. ಹಿತ್ತಲೊಳಗೇ ಬಿದ್ದ ಮರವಾದರೆ ಅದು ಗರಗಸದ ಕೆಲಸಗಳಲ್ಲೆಲ್ಲ ಅಪಾಯದ್ದು. ಬಾಗಿ ಸಿಕ್ಕಿಕೊಂಡ ಕಾಂಡದ ಒಂದು ಮೈ ಎಳೆತದಲ್ಲಿರುತ್ತದೆ, ಇನ್ನೊಂದು ಒತ್ತಡದಲ್ಲಿ. ತಪ್ಪು ಕಡೆ ಕೊಯ್ದರೆ ಬಾರ್ ಸಿಕ್ಕಿಕೊಳ್ಳುತ್ತದೆ ಅಥವಾ ಕಾಂಡ ಚಿಮ್ಮಿ ಮನುಷ್ಯನಿಗೆ ಬಡಿಯುತ್ತದೆ. ಅದನ್ನು ಓದಲು ಬೇಕಾದ ಕಣ್ಣು ವರ್ಷಕ್ಕೊಮ್ಮೆ ಗರಗಸ ಹಿಡಿಯುವವನಿಗೆ ಇರುವುದಿಲ್ಲ. ಮೇಲಾಗಿ ಬಿರುಗಾಳಿ ದಿನ ಹೇಳಿ ಬರುವುದಿಲ್ಲ. ಹಿಂದಿನ ಚಳಿಗಾಲದ ಪೆಟ್ರೋಲ್ ಹೊತ್ತು ಕೂತ ಯಂತ್ರ ಆ ಬೆಳಿಗ್ಗೆಯೇ ಹಠ ಹಿಡಿಯುತ್ತದೆ. ತುರ್ತಿಗೆಂದು ಇಟ್ಟ ಸಾಧನ ತುರ್ತಿನಲ್ಲಿ ನಂಬಿಕೆಗೆ ಬರಬೇಕಾದರೆ ಅದನ್ನು ತಿಂಗಳಿಗೊಮ್ಮೆಯಾದರೂ ಓಡಿಸುತ್ತಿರಬೇಕು, ಅಂದರೆ ಮತ್ತೆ ಬಳಸದ ದಿನಗಳ ಚಾಕರಿ.

ಎರಡನೆಯ ಆಕ್ಷೇಪ ಶಕ್ತಿ ಮತ್ತು ದುಡ್ಡಿನದು. ಬ್ಯಾಟರಿ ಗರಗಸ ಬಲವಿಲ್ಲದ್ದು, ಬ್ಯಾಟರಿ ಚಾರ್ಜರ್ ಸೇರಿಸಿದರೆ ಪೆಟ್ರೋಲಿನದಕ್ಕಿಂತ ದುಬಾರಿ, ಐದಾರು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ ಎನ್ನುತ್ತಾರೆ. ಹಳೆಯ ಬ್ಯಾಟರಿ ಗರಗಸಗಳ ಮಟ್ಟಿಗೆ ಇದು ನಿಜವಾಗಿತ್ತು, ಇವತ್ತಿಗೂ ದಿನಗಟ್ಟಲೆ ದಿಮ್ಮಿ ಕೊಯ್ಯುವವನ ಮಟ್ಟಿಗೆ ನಿಜ. ಆದರೆ ಹಿತ್ತಲಿನ ಮರದ ದಪ್ಪ ಕಾನೂನಿನಿಂದಲೇ ಗೆರೆ ಎಳೆಸಿಕೊಂಡಿದೆ. ಅಲ್ಲಿ ಬೇಕಾದ 30 ಸೆಂ.ಮೀ. ಬಾರನ್ನು ಈಗಿನ ಬ್ಯಾಟರಿ ಗರಗಸಗಳು ಸಲೀಸಾಗಿ ಓಡಿಸುತ್ತವೆ. ಲಿಥಿಯಂ ಬ್ಯಾಟರಿಯೂ ಸುಮ್ಮನೆ ಕೂತರೆ ನಿಧಾನಕ್ಕೆ ಸವೆಯುತ್ತದೆ. ಅರ್ಧ ಚಾರ್ಜಿನಲ್ಲಿ, ಹೆಪ್ಪುಗಟ್ಟದ ಜಾಗದಲ್ಲಿ ಇಡಬೇಕು. ವ್ಯತ್ಯಾಸವೆಂದರೆ ಅದೇ ಬ್ಯಾಟರಿ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ, ಬೇಲಿ ಸವರುವ ಕತ್ತರಿಗೆ ಹೋಗುತ್ತದೆ, ಖಾಲಿ ಕೂರುವುದಿಲ್ಲ. ದುಡ್ಡೇ ಮುಖ್ಯವಾದರೆ ಚರ್ಚೆಯಲ್ಲಿ ಎಲ್ಲರೂ ಮರೆಯುವ ಇನ್ನೊಂದು ಸಾಧನವಿದೆ: ವೈರಿನ ವಿದ್ಯುತ್ ಗರಗಸ. ಸುಮಾರು 2 ಕಿಲೋವಾಟ್ ಎಳೆಯುವ ಇದರ ಬೆಲೆ ಮೂರರಲ್ಲೂ ಕಡಿಮೆ, ಕೆಡಲು ಪೆಟ್ರೋಲಿಲ್ಲ, ಸೊರಗಲು ಬ್ಯಾಟರಿಯಿಲ್ಲ, ಬಯಲಿಗೆ ಬಳಸುವ 50 ಮೀಟರಿನ ವೈರಿನ ಸುರುಳಿ ಹ್ಯಾಂಬರ್ಗಿನ ಯಾವ ಸಾಮಾನ್ಯ ಹಿತ್ತಲಿಗೂ ಸಾಕು. ವೈರು ಕಾಲಿಗೆ ತೊಡರುತ್ತದೆ ಎಂಬುದು ನಿಜ, ಒದ್ದೆ ಹುಲ್ಲಿನ ಮೇಲೆ ಮಳೆಯಲ್ಲಿ ಬಳಸುವಂತಿಲ್ಲ ಎಂಬುದೂ ನಿಜ. ಮಳೆಯಲ್ಲಿ ಗರಗಸ ಹಿಡಿಯಲೇಬಾರದು ಎಂಬುದು ಅದಕ್ಕಿಂತ ದೊಡ್ಡ ನಿಜ.

ಮೂರನೆಯ ಆಕ್ಷೇಪ ನನ್ನ ಪುರಾವೆಯ ಮೇಲೇ ಬರಬಹುದು. ಮಕಿತಾ ಪೆಟ್ರೋಲ್ ಬಿಟ್ಟದ್ದು ವ್ಯಾಪಾರದ ತೀರ್ಮಾನ, ಅದು ಮುಖ್ಯವಾಗಿ ವಿದ್ಯುತ್ ಮತ್ತು ಬ್ಯಾಟರಿ ಉಪಕರಣಗಳ ಕಂಪನಿ. ಕ್ಯಾಲಿಫೋರ್ನಿಯಾ 2024ರಿಂದ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಹೊಸ ಮಾರಾಟಕ್ಕೆ ಕಡಿವಾಣ ಹಾಕಿದ್ದು ರಾಜಕೀಯದ ತೀರ್ಮಾನ. ಇವುಗಳಿಂದ ಯಂತ್ರ ಕೆಟ್ಟದ್ದೆಂದು ಹೇಳಲಾಗದು ಎನ್ನಬಹುದು. ಒಪ್ಪುತ್ತೇನೆ. ಕಾಡಿನ ಕೆಲಸಗಾರನ ಕೈಯಲ್ಲಿ ಪೆಟ್ರೋಲ್ ಗರಗಸಕ್ಕೆ ಇಂದಿಗೂ ಸರಿಸಾಟಿ ಕಡಿಮೆ, ದೊಡ್ಡ ತಯಾರಕರು ಅವನಿಗಾಗಿ ಅದನ್ನು ಮಾಡುತ್ತಲೇ ಇದ್ದಾರೆ. ಆದರೆ ತಯಾರಕರು ಮೊದಲು ಬಿಟ್ಟುಕೊಡುತ್ತಿರುವುದು ಚಿಕ್ಕ ಎಂಜಿನ್ನಿನ, ಮನೆಬಳಕೆಯ ತುದಿಯನ್ನು ಎಂಬುದು ಕಾಕತಾಳೀಯವಲ್ಲ. ಬ್ಯಾಟರಿಗೆ ಪೆಟ್ರೋಲಿನಷ್ಟು ದಮ್ಮು ಬೇಕಾಗುವುದು ದಿನವಿಡೀ ದುಡಿಯುವಲ್ಲಿ; ಗಂಟೆಗಟ್ಟಲೆ ದುಡಿಯದ ಜಾಗದಲ್ಲಿ ಪೆಟ್ರೋಲಿನ ಮುಖ್ಯ ಗುಣಕ್ಕೇ ಕೆಲಸವಿಲ್ಲ. ಬ್ಯಾಟರಿಯದು ಹಿಂದಕ್ಕೆ ಒದೆಯುವುದಿಲ್ಲವೇ ಎಂದು ಕೇಳುವವರಿಗೂ ಉತ್ತರ ಹೇಳಬೇಕು: ಒದೆಯುತ್ತದೆ, ಅಷ್ಟೇ ಜೋರಾಗಿ ಒದೆಯುತ್ತದೆ. ಸದ್ದಿಲ್ಲದೆ ಗುಂಡಿ ಒತ್ತಿದೊಡನೆ ಓಡುವುದರಿಂದ ಅದರ ಅಪಾಯವನ್ನು ಜನ ಕಡಿಮೆ ಎಣಿಸುತ್ತಾರೆ. ಪ್ಯಾಂಟು, ಹೆಲ್ಮೆಟ್, ನೆಲದ ಮೇಲೆ ಗಟ್ಟಿಯಾಗಿ ನಿಲ್ಲುವ ನಿಯಮ ಮೂರಕ್ಕೂ ಒಂದೇ. ನಾನು ಹೇಳುತ್ತಿರುವುದು ಬ್ಯಾಟರಿ ಸಾಧು ಪ್ರಾಣಿ ಎಂದಲ್ಲ. ಮೂರು ಹೊಣೆಗಳಲ್ಲಿ ಎಂಜಿನ್ನಿನ ಹೊಣೆಯನ್ನು ಅದು ಹೆಗಲಿನಿಂದ ಇಳಿಸುತ್ತದೆ, ಉಳಿದ ಎರಡರತ್ತ ಗಮನ ಕೊಡಲು ಬಿಡುವು ಸಿಗುತ್ತದೆ.

ಊರಿನ ಕಡೆಯಿಂದ ಬರುವ ಪ್ರಶ್ನೆ ಇವುಗಳಿಗಿಂತ ಆಸಕ್ತಿಕರ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಅಡಿಕೆ ಕಾಫಿ ತೋಟವಿರುವವರೆಲ್ಲ ಪೆಟ್ರೋಲ್ ಮಿಷನ್ನನ್ನೇ ನೆಚ್ಚಿಕೊಂಡಿರುವಾಗ ಹ್ಯಾಂಬರ್ಗಿನ ನಾಲ್ಕು ಗಿಡದವನಿಗೆ ಯಾಕೆ ಬೇಡ? ಉತ್ತರ ಪ್ರಶ್ನೆಯಲ್ಲೇ ಇದೆ. ಅಲ್ಲಿ ತೋಟ ಎಕರೆಗಳಲ್ಲಿ, ಕರೆಂಟು ನೆಚ್ಚಿ ಕೂರುವಂಥದ್ದಲ್ಲ, ಪ್ರತಿ ಮಳೆಗಾಲ ಬಿದ್ದ ಮರಗಳನ್ನು ಬಿಡಿಸುವ ಕೆಲಸ ಮುಗಿಯುವುದೇ ಇಲ್ಲ. ಸಿಲ್ವರ್ ಓಕ್ ನೆರಳು ಕಡಿಯುವುದು, ಸೌದೆ ಮಾಡುವುದು ವರ್ಷದುದ್ದಕ್ಕೂ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಅನೇಕ ಕಡೆ ಮಿಷನ್ ಒಬ್ಬನ ಕೈಯಲ್ಲೇ ಇರುತ್ತದೆ. ಅವನು ಮಿಷನ್ ಸಮೇತ ಕೂಲಿಗೆ ಬರುತ್ತಾನೆ, ಇವತ್ತು ಈ ತೋಟ, ನಾಳೆ ಆ ತೋಟ. ಅವನ ಚೈನು ಸದಾ ಹದ, ಪೆಟ್ರೋಲ್ ಸದಾ ಹೊಸದು, ಮರ ಬೀಳುವ ದಿಕ್ಕು ಅವನಿಗೆ ನೋಡಿದೊಡನೆ ಗೊತ್ತು. ಹಳೆಯ 58 ಕಿಲೋ ಯಂತ್ರದ ಸುತ್ತ ಇದ್ದ ತಂಡ ಅವನೊಬ್ಬನಲ್ಲಿ ಉಳಿದಿದೆ. ಒಂದು ಯಂತ್ರವನ್ನು ಹತ್ತು ಮನೆ ಹಂಚಿಕೊಂಡಾಗ ಅದು ಬಳಸದೆ ಕೂರುವ ದಿನಗಳೇ ಇಲ್ಲವಾಗುತ್ತವೆ. ಹತ್ತು ಮನೆಗೆ ಹತ್ತು ಯಂತ್ರವಾದಾಗ ಹತ್ತೂ ತುಕ್ಕು ಹಿಡಿಯುತ್ತವೆ. ಮಲೆನಾಡಿನ ಈ ವಿವೇಕವನ್ನು ಹ್ಯಾಂಬರ್ಗಿನಲ್ಲೂ ಅನುಸರಿಸಲು ಅಡ್ಡಿಯಿಲ್ಲ. ಇಲ್ಲಿ ಉಪಕರಣ ಬಾಡಿಗೆಗೆ ಕೊಡುವ ಮಳಿಗೆಗಳಿವೆ, ಮರ ಹತ್ತಿ ಕೆಲಸ ಮಾಡುವ ತರಬೇತಾದ ವೃತ್ತಿಪರರಿದ್ದಾರೆ, ನಾಲ್ಕು ಮನೆಯವರು ಕೂಡಿ ಒಂದು ಗರಗಸ ಇಟ್ಟುಕೊಳ್ಳಬಹುದು.

ಹಾಗಾದರೆ ಪುಟ್ಟ ಪೆಟ್ರೋಲ್ ಗರಗಸ ಯಾರಿಗೆ? ಸೌದೆ ಒಲೆಗಾಗಿ ಪ್ರತಿ ಚಳಿಗಾಲ ಕಾಡಿನಿಂದ ದಿಮ್ಮಿ ತಂದು ಕೊಯ್ಯುವವರಿಗೆ, ತರಬೇತಿ ಮುಗಿಸಿದವರಿಗೆ, ವಿದ್ಯುತ್ತು ತಲುಪದ ದೊಡ್ಡ ಜಾಗ ಇರುವವರಿಗೆ, ಅರ ಹಿಡಿದು ಹಲ್ಲು ಮಸೆಯುವುದರಲ್ಲಿ ಖುಷಿ ಕಾಣುವವರಿಗೆ ಅದು ಒಳ್ಳೆಯ ಯಂತ್ರ. ಅದರ ಬೆಲೆಗೆ ಅಷ್ಟು ಕೆಲಸ ಕೊಡುವ ಸಾಧನ ಕಡಿಮೆ. ಅವರು ಆಲ್ಕೈಲೇಟ್ ಪೆಟ್ರೋಲ್ ಹಾಕಲಿ, ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಲಿ, ಎರಡನೆಯ ಚೈನು ಒಂದನ್ನು ಮಸೆದು ಸಿದ್ಧವಾಗಿಟ್ಟಿರಲಿ. ವರ್ಷಕ್ಕೆ ಒಂದೆರಡು ಸಲ ಕೊಂಬೆ ಸವರುವ ಮನೆಗೆ ಅದು ಬೇಡ; ಕೈಗರಗಸ, ಅದು ಸಾಲದಿದ್ದರೆ ವೈರಿನದೋ ಬ್ಯಾಟರಿಯದೋ ಒಂದು ಗರಗಸ, ಅದಕ್ಕೂ ಮೀರಿದ ಮರವಾದರೆ ವೃತ್ತಿಪರರು ಸಾಕು. ಕೊಳ್ಳಲು ಹೊರಟವರಿಗೆ ನಾನು ಹೇಳುವುದಿಷ್ಟೇ: ಮೊದಲು ರಕ್ಷಣೆಯ ಪ್ಯಾಂಟು ಮತ್ತು ಹೆಲ್ಮೆಟ್ ಕೊಳ್ಳಿ, ಒಂದು ತರಬೇತಿಗೆ ಹೋಗಿ ಬನ್ನಿ. ಅಷ್ಟು ಮಾಡಿದ ಮೇಲೂ ಪೆಟ್ರೋಲ್ ಗರಗಸವೇ ಬೇಕು ಅನ್ನಿಸಿದರೆ ಅದು ನಿಮಗೆ ಹೊಂದುವ ಯಂತ್ರ; ಅಷ್ಟಕ್ಕೆ ಬಿಡುವಿಲ್ಲ ಅನ್ನಿಸಿದರೆ ಯಾವ ಗರಗಸವನ್ನೂ ಕೊಳ್ಳಬೇಡಿ.